ನಮ್ಮ ಮನೆಯ ಜಾನ್‌ಗಳು

ಹುಟ್ಟಲಿರುವ ಮಗುವಿಗೆ ಹೆಸರು ಹುಡುಕುವುದು ಈಗ ಫೋನಿನ ಕೆಲಸ. ನನ್ನ ಮೊಮ್ಮಗಳು ಶರನ್ ತುಂಬಿದ ಬಸುರಿ. ಮಲಾಯ್ ನಾಡಿನ ಸುಬಾಂಗ್ ಜಯಾದ ಈ ಮನೆಯ ಸೋಫಾದ ಮೇಲೆ ಕಾಲು ಚಾಚಿಕೊಂಡು ಫೋನು ನೋಡಿ ಹೆಸರು ಓದುವುದೇ ಅವಳ ಸಂಜೆಯ ಕೆಲಸ. ಅವಳು ಓದುವ ಹೆಸರುಗಳು ನನ್ನ ಬಾಯಲ್ಲಿ ಹೊರಳುವುದಿಲ್ಲ. ಮೊನ್ನೆ ನಾನೇ ಒಂದು ಹೇಳಿದೆ, ಗಂಡಾದರೆ ಜಾನ್ ಅಂತ ಇಡು ಎಂದು.

“ಜಾನ್ ಸೋ ಓಲ್ಡ್ ಲಾ ಅಜ್ಜಿ. ಇಲ್ಲಿ ನೋಡು, ಅಮೆರಿಕಾದಲ್ಲಿ ಟಾಯ್ಲೆಟ್‌ಗೆ ಜಾನ್ ಅಂತಾರೆ. ಯಾರದೋ ಬಾಡಿ ಸಿಕ್ಕಿ ಹೆಸರು ಗೊತ್ತಾಗ್ಲಿಲ್ಲಾಂದ್ರೆ ಪೊಲೀಸ್ನೋರು ಅದಕ್ಕೂ ಜಾನ್ ಅಂತಾನೇ ಬರೀತಾರೆ.”

“ಒಳ್ಳೇದು ಏನೂ ಬರೆದಿಲ್ವ ಅದ್ರಲ್ಲಿ?”

“ಬರೆದಿದೆ. ದೇವರ ಕೃಪೆ ಅಂತ ಮೀನಿಂಗ್. ಇಪ್ಪತ್ತು ಚಿಲ್ಲರೆ ಪೋಪ್‌ಗಳಿದಾರೆ. ಸೇಂಟ್ಸ್ ಅಂತೂ ಲೆಕ್ಕಾನೇ ಇಲ್ಲ. ಇಂಗ್ಲೆಂಡಲ್ಲಿ ಒಬ್ಬ ಕಿಂಗ್ ಇದ್ನಂತೆ, ಎಷ್ಟು ಕೆಟ್ಟೋನು ಅಂದ್ರೆ ಆಮೇಲೆ ಯಾವ ಕಿಂಗೂ ಆ ಹೆಸರು ಇಟ್ಕೊಳ್ಲಿಲ್ಲ. ಪ್ರೆಸಿಡೆಂಟು, ಸಿಂಗರ್, ಬಾಕ್ಸರ್, ಎಲ್ಲಾ ಇದಾರೆ. ಬೇಡಪ್ಪ, ರಸ್ತೇಲಿ ಕರೆದ್ರೆ ಹತ್ತು ಜನ ತಿರುಗ್ತಾರೆ.”

ಇರಬಹುದು. ಆ ಫೋನಿನಲ್ಲಿ ನಮ್ಮ ಮನೆಯ ಜಾನ್‌ಗಳು ಇಲ್ಲ. ಅವರಲ್ಲಿ ರಾಜರೂ ಇರಲಿಲ್ಲ, ಹಾಡುವವರೂ ಇರಲಿಲ್ಲ. ಆದರೆ ಆ ಒಂದು ಹೆಸರಿಗಾಗಿ ನಮ್ಮ ಮನೆಯಲ್ಲಿ ಇಬ್ಬರು ಹೆಂಗಸರು ಮಾತು ಬಿಟ್ಟಿದ್ದರು. ಅದನ್ನು ಬರೆಯುತ್ತೇನೆ. ನನಗೆ ಶಾಲೆ ಕಡಿಮೆ. ಕನ್ನಡ ಅಕ್ಷರ ಕಲಿತದ್ದು ನನ್ನ ಅಜ್ಜಿಯ, ಅಂದರೆ ಅಪ್ಪನ ತಾಯಿಯ, ಕೊಂಕಣಿ ಪ್ರಾರ್ಥನೆಯ ಪುಸ್ತಕದಿಂದ. ಅದು ಕನ್ನಡ ಲಿಪಿಯಲ್ಲಿತ್ತು. ಮಾತು ಕಲಿತದ್ದು ಅವ್ವನಿಂದ.

ಬ್ರಿಕ್‌ಫೀಲ್ಡ್ಸ್‌ನಲ್ಲಿ ನಾನು ಚಿಕ್ಕವಳಾಗಿದ್ದಾಗ ನಾವಿದ್ದ ಮನೆ ಈಗ ಇಲ್ಲ, ಅಲ್ಲಿ ಸೀರೆ ಅಂಗಡಿ ಇದೆ. ಆಗ ಅದು ಹಲಗೆ ಗೋಡೆಯ, ತಗಡು ಹೊದಿಸಿದ ಮನೆ. ಹಿಂದುಗಡೆ ರೈಲ್ವೆ ಯಾರ್ಡು. ಎಂಜಿನ್ನಿನ ಹೊಗೆ ಒಣಗಹಾಕಿದ ಬಟ್ಟೆಗೆ ಹತ್ತಿ ಬಿಳಿಯದೆಲ್ಲ ಬೂದಿಯಾಗುತ್ತಿತ್ತು, ಅದಕ್ಕೆ ನಮ್ಮ ಮನೆಯಲ್ಲಿ ಯಾರೂ ಬಿಳಿ ಬಟ್ಟೆ ತರುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ದೇವರ ಪೀಠ, ಅದರ ಕೆಳಗೆ ಅಜ್ಜಿಯ ಪೆಟ್ಟಿಗೆ, ಪಕ್ಕದಲ್ಲಿ ಅಜ್ಜಿಯ ಮಂಚ. ನಡುವೆ ಒಂದು ಹಲಗೆಯ ತಡಿಕೆ. ಅದು ಮಾಡಿನವರೆಗೆ ಏರಿರಲಿಲ್ಲ, ಆದ್ದರಿಂದ ಒಂದು ಕಡೆ ಪಿಸುಗುಟ್ಟಿದ್ದು ಇನ್ನೊಂದು ಕಡೆ ಕೇಳುತ್ತಿತ್ತು. ಒಳಗಿನ ಕೋಣೆಯಲ್ಲಿ ಅಪ್ಪ ಅವ್ವನ ಮಂಚ, ನೆಲದ ಮೇಲೆ ಚಾಪೆ ಹಾಸಿಕೊಂಡು ನಾನು ಮತ್ತು ನನ್ನ ತಮ್ಮ. ಆಮೇಲೆ ಅಡುಗೆಮನೆ. ಅಲ್ಲಿ ಒಲೆ ಒಂದು, ಪಾತ್ರೆ ಎರಡು. ಅಜ್ಜಿಗೆ ಗಂಜಿ ಮತ್ತು ಸುಟ್ಟ ಒಣಮೀನು. ಅವ್ವನಿಗೆ ರಾಗಿ. ತಮಿಳರ ಅಂಗಡಿಯಿಂದ ರಾಗಿ ತರಿಸಿ, ಬೀಸಿ, ಮುದ್ದೆ ಕಟ್ಟಿ, ಕೈಯೆಲ್ಲ ಕೆಂಪು ಮಾಡಿಕೊಂಡು ತಿನ್ನುತ್ತಿದ್ದಳು. ಅಜ್ಜಿ ಅದನ್ನು ದನದ ಮೇವು ಅನ್ನುತ್ತಿದ್ದಳು. ಅವ್ವ ಒಣಮೀನಿನ ವಾಸನೆಗೆ ಸೆರಗು ಮುಚ್ಚಿಕೊಳ್ಳುತ್ತಿದ್ದಳು. ನಾವು ಮಕ್ಕಳು ಎರಡೂ ತಿನ್ನುತ್ತಿದ್ದೆವು, ಮೇಲೆ ಅಪ್ಪ ತಂದ ಬ್ರೆಡ್ಡಿನ ತುದಿಯನ್ನೂ ತಿನ್ನುತ್ತಿದ್ದೆವು.

ಅಪ್ಪನಿಗೆ ಒಬ್ಬ ಹೈನಾನ್ ಚೀನಿಯವನ ಬೇಕರಿಯಲ್ಲಿ ಒಲೆಯ ಮುಂದಿನ ಕೆಲಸ. ಬೆಳಿಗ್ಗೆ ಹುಬ್ಬಿಗೆ ಹಿಟ್ಟು ಮೆತ್ತಿಕೊಂಡು ಬಂದು ಮಲಗಿದರೆ ಜಗಳ ಆಗಲಿ ರೈಲು ಹೋಗಲಿ ಏಳುತ್ತಿರಲಿಲ್ಲ. ನಮ್ಮ ಮನೆಯ ಎಲ್ಲ ಜಗಳಗಳೂ ಅಪ್ಪ ಗೊರಕೆ ಹೊಡೆಯುವ ಹೊತ್ತಿಗೇ ಆದವು. ಅದು ಅವನ ಅದೃಷ್ಟ ಎಂದು ಅಜ್ಜಿ, ಅದು ಅವನ ಉಪಾಯ ಎಂದು ಅವ್ವ.

ಅಪ್ಪ ಮಂಗಳೂರಿನವನು. ಬೆಂಗಳೂರಿನ ದಂಡಿನಲ್ಲಿ ಬೇಕರಿ ಕೆಲಸಕ್ಕಿದ್ದಾಗ ಕನಕಪುರದ ಕಡೆಯ ಕ್ರೈಸ್ತರ ಹಳ್ಳಿಯ ಅವ್ವನನ್ನು ಮದುವೆಯಾಗಿ, ವಿಧವೆ ತಾಯಿಯನ್ನೂ ಕರೆದುಕೊಂಡು ಈ ಮಲಾಯ್ ನಾಡಿಗೆ ಹಡಗು ಹತ್ತಿದ. ಅಜ್ಜಿಯನ್ನು ಅಪ್ಪ ಮಾಂಯ್ ಎನ್ನುತ್ತಿದ್ದ, ಅವ್ವ ಅತ್ತೆಮ್ಮ ಎನ್ನುತ್ತಿದ್ದಳು. ಇಬ್ಬರೂ ಒಂದೇ ಇಗರ್ಜಿಗೆ ಹೋಗುವವರು, ಒಂದೇ ಜಪಸರ ಹಿಡಿಯುವವರು. ಆದರೆ ಅವ್ವನ ಹಳ್ಳಿಯಲ್ಲಿ ಗಂಡಸರ ಹೆಸರುಗಳು ಬೇರೆ: ಚೌರಪ್ಪ, ಇನ್ನಾಸಪ್ಪ, ರಾಯಪ್ಪ, ಹೀಗೆ. ಅವಳ ಅಪ್ಪನ ಹೆಸರು ಅರುಳಪ್ಪ. ಅಜ್ಜಿಗೆ ಇದು ಸೇರುತ್ತಿರಲಿಲ್ಲ.

“ಇದೆಂತ ಹೆಸರು ಮಾರಾಯ್ತಿ? ಕ್ರಿಸ್ತಾಂವರದ್ದಾ, ಗೌಡರದ್ದಾ?”

“ನಿಮ್ಮೋರು ದೊರೆಗಳ ಹೆಸರು ಇಟ್ಕೊಂಡವ್ರಲ್ಲ, ದೊರೆ ಆದ್ರಾ? ಬ್ರೆಡ್ ಸುಡ್ತಾವ್ರೆ.”

ಹೀಗೆ ಹೋಗುತ್ತಿತ್ತು. ಇದು ದಿನದ ಮಾತು, ಇದರಲ್ಲಿ ವಿಷ ಇರಲಿಲ್ಲ.

ಮಂಗಳೂರಿನವರ ಕ್ರಮ ಒಂದಿದೆ. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯದಕ್ಕೆ ತಾಯಿಯ ಅಪ್ಪನ ಹೆಸರು. ಇದರಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಅಜ್ಜಿಯ ಗಂಡ ಕೊಂಕಣಿಯಲ್ಲಿ ಜುವಾಂವ್, ಇಂಗ್ಲಿಷಿನಲ್ಲಿ ಜಾನ್. ಹಾಗಾಗಿ ನನ್ನ ತಮ್ಮ ಜಾನ್. ನನ್ನದು ಲೂಸಿ, ಅದು ಅಜ್ಜಿಯ ಹೆಸರೇ. ಅವ್ವನ ಕಡೆಯ ಒಂದು ಹೆಸರೂ ಮನೆಯಲ್ಲಿ ಇರಲಿಲ್ಲ. ಹಡಗು ಹತ್ತಿದ ಮೇಲೆ ಅವಳು ಅವಳಪ್ಪನನ್ನು ನೋಡಲಿಲ್ಲ. ಸತ್ತ ಸುದ್ದಿ ಬಂದಾಗ ಒಂದು ದಿನ ಒಲೆ ಹಚ್ಚಲಿಲ್ಲ, ಅಷ್ಟೆ. ಎರಡನೆಯ ಮಗ ಆಗಲಿ, ಅಪ್ಪನ ಹೆಸರು ಇಡ್ತೀನಿ ಎಂದು ಮುದ್ದೆ ತಿರುವುತ್ತ ಹೇಳಿಕೊಳ್ಳುತ್ತಿದ್ದಳು.

ತಮ್ಮ ಜಾನ್ ಆರು ವರ್ಷಕ್ಕೆ ಸತ್ತ. ಗಂಟಲು ಕಟ್ಟಿತು, ಜ್ವರ ಬಂತು, ಆಸ್ಪತ್ರೆಗೆ ಒಯ್ದರು, ತಿರುಗಿ ಬರಲಿಲ್ಲ. ಅವನು ಯಾರ್ಡಿನ ಬೇಲಿಯಲ್ಲಿ ಕಲ್ಲಿದ್ದಲು ಆರಿಸಿ ತಂದು ಒಲೆಯ ಪಕ್ಕ ರಾಶಿ ಹಾಕುತ್ತಿದ್ದ. ಆ ರಾಶಿಯನ್ನು ಅವ್ವ ಉರಿಸಿ ಮುಗಿಸಿದಳು. ಇಟ್ಟುಕೊಳ್ಳಲಿಲ್ಲ. ಕಲ್ಲಿದ್ದಲು ಇಟ್ಟುಕೊಂಡು ಏನು ಮಾಡುವುದು.

ಜಗಳದಲ್ಲಿ ವಿಷ ಸೇರಿದ್ದು ಅಲ್ಲಿಂದ. ಸಂಜೆ ಜಪಸರ ಮುಗಿದ ಮೇಲೆ ಅಜ್ಜಿ ಸತ್ತವರ ಹೆಸರು ಒಂದೊಂದಾಗಿ ಹೇಳಿ, ಒಬ್ಬೊಬ್ಬರಿಗೆ ಒಂದೊಂದು ಪ್ರಾರ್ಥನೆ ಒಪ್ಪಿಸುವ ರೂಢಿ. ಜುವಾಂವ್ ಎಂದು ಒಂದು ಸಲ ಹೇಳಿ ಮುಂದಕ್ಕೆ ಹೋದಳು. ಅವ್ವ ಮೊಣಕಾಲಿನಿಂದ ಎದ್ದಳು.

“ಯಾವ ಜಾನ್‌ಗೆ ಏಳಿದ್ದು ಅದು? ನಿಮ್ ಗಂಡಂಗಾ, ನನ್ ಮಗಂಗಾ?”

“ಇಬ್ಬರಿಗೂ. ಒಂದೇ ಹೆಸರಲ್ವಾ? ದೇವರಿಗೆ ಗೊತ್ತಾಗ್ತದೆ.”

“ಒಂದ್ ಪ್ರಾರ್ಥನೇಲಿ ಇಬ್ರುನ್ನ ಕಳಿಸ್ತೀರಾ? ಒಂದ್ ಚಾಪೇಲಿ ಇಬ್ರುನ್ನ ಮಲಗಿಸ್ದಂಗೆ?”

ಅಜ್ಜಿ ಬೇಕೆಂದು ಮಾಡಿದ್ದಲ್ಲ, ಅವಳ ಲೆಕ್ಕಕ್ಕೆ ಅದು ಸರಿಯಾಗಿಯೇ ಇತ್ತು. ಆದರೆ ಅವ್ವ ಆ ದಿನದಿಂದ ಅವಳೊಡನೆ ಮಾತು ಬಿಟ್ಟಳು. ಮಾತು ಬಿಟ್ಟರೂ ಒಂದೇ ಒಲೆ, ಒಂದೇ ನಲ್ಲಿ. ಆದ್ದರಿಂದ ನನ್ನನ್ನು ಶಾಲೆ ಬಿಡಿಸಿದರು ಎಂದೇ ನಾನು ಹೇಳುವುದು. ಮನೆಕೆಲಸಕ್ಕೆ ಬಿಡಿಸಿದ್ದು ಎಂದು ಅಪ್ಪ ಹೇಳುತ್ತಿದ್ದ, ಆದರೆ ನನ್ನ ದೊಡ್ಡ ಕೆಲಸ ಮಾತು ಹೊರುವುದು. ನಿನ್ನಜ್ಜಿಗೆ ಹೇಳು ಉಪ್ಪು ಮುಗಿದಿದೆ. ನಿನ್ನ ಅವ್ವನಿಗೆ ಹೇಳು ಬಟ್ಟೆ ತೆಗೆಯಲಿ, ಮಳೆ ಬರ್ತದೆ. ಇಬ್ಬರೂ ಮೂರು ಮಾರು ದೂರದಲ್ಲಿ ನಿಂತಿರುತ್ತಿದ್ದರು, ಇಬ್ಬರಿಗೂ ಕೇಳಿರುತ್ತಿತ್ತು. ಆದರೂ ನಾನು ಹೋಗಿ ಹೇಳಲೇಬೇಕು. ಒಂದು ಮಾತು ಮೆತ್ತಗೆ ಮಾಡಿ ಹೇಳಿದರೆ ಹೇಳಿದವರೇ ಹಿಂದಿನಿಂದ ತಿದ್ದುತ್ತಿದ್ದರು. ಹೀಗೆ ನನಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವ ಅಭ್ಯಾಸ ಬಿತ್ತು. ನನ್ನ ಸೊಸೆಯಂದಿರು ಇದನ್ನು ಒರಟುತನ ಅನ್ನುತ್ತಾರೆ.

ಅವ್ವ ಮತ್ತೆ ಬಸುರಿಯಾದಳು. ಹುಟ್ಟಿದ್ದು ಗಂಡು. ಸೂಲಗಿತ್ತಿ ಇನ್ನೂ ಕೈ ತೊಳೆದಿರಲಿಲ್ಲ, ತಡಿಕೆಯ ಆಚೆಯಿಂದ ಅಜ್ಜಿ ನನ್ನನ್ನು ಕರೆದಳು.

“ಹೇಳು ಲೂಸಿ, ಜುವಾಂವ್ ಬಂದ ಅಂತ.”

ಒಳಗಿನಿಂದ ಅವ್ವ, “ಏಳು ನಿಮ್ಮಜ್ಜಿಗೆ, ಇವ್ನು ಎರಡನೇಯೋನು. ಎರಡನೇದು ನಮ್ಮಪ್ಪನ ಸರದಿ. ಅವ್ರದೇ ಕ್ರಮ, ನಾನು ಮಾಡಿದ್ದಲ್ಲ.”

“ಮೊದಲಿನವ ಇಲ್ಲದಿದ್ರೆ ಇವನೇ ಮೊದಲಿನವ. ಮನೆಯಲ್ಲಿ ಗಂಡನ ಹೆಸರು ಇಲ್ಲದೆ ನಾನು ಸಾಯ್ಬೇಕಾ?”

“ಮೊದ್ಲಿನೋನು ಇಲ್ದೇ ಏನು, ಚೆರಾಸ್‌ನಲ್ಲಿ ಸ್ಮಶಾನದಾಗೆ ಮಣ್ಣಾಗವ್ನೆ. ಅವ್ರ ಗಂಡನ್ ಹೆಸ್ರು ತಗೊಂಡೇ ಓದ. ಇನ್ನೊಂದು ಮಗೀನ ಆ ಹೆಸರಲ್ಲಿ ನಾನು ಕೂಗಕ್ಕಿಲ್ಲ. ನನ್ ನಾಲಿಗೆ ಹೊರಳಕ್ಕಿಲ್ಲ.”

ಇಬ್ಬರ ಮಾತೂ ಸರಿಯೇ. ಕ್ರಮದಲ್ಲಿ ಮೊದಲನೆಯವನು ಸತ್ತರೆ ಸರದಿ ಎಲ್ಲಿಂದ ಶುರು ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನನ್ನು ಕೇಳಿದರೆ ನೀವೇ ನೋಡ್ಕೊಳ್ಳಿ ಎಂದು ಗೋಡೆಗೆ ತಿರುಗಿದ.

ಆಗ ಮಗುವನ್ನು ಬೇಗ ದೀಕ್ಷಾಸ್ನಾನಕ್ಕೆ ಒಯ್ಯಬೇಕಿತ್ತು. ದೀಕ್ಷೆಯಾಗದೆ ಮಗು ಸತ್ತರೆ ದೇವರ ಮುಖ ಕಾಣುವುದಿಲ್ಲ, ಹೂಳುವುದೂ ಸ್ಮಶಾನದ ಆಚೆ ಮೂಲೆಯಲ್ಲಿ, ಎಂದು ಎಲ್ಲರೂ ನಂಬಿದ್ದರು. ಬಾಣಂತಿ ಇಗರ್ಜಿಗೆ ಹೋಗುವಂತಿಲ್ಲ. ಜ್ಞಾನತಾಯಿ ಮಗುವನ್ನು ಎತ್ತಿಕೊಂಡು ಹೋಗುತ್ತಾಳೆ, ಪಾದ್ರಿ ಕೇಳಿದಾಗ ಹೆಸರು ಹೇಳುವವಳೂ ಅವಳೇ. ಜ್ಞಾನತಾಯಿ ಯಾರು ಎಂದರೆ ಅಜ್ಜಿ. ನಮ್ಮವಳು ಎನ್ನುವ ಬೇರೆ ಹೆಂಗಸು ಆ ಊರಿನಲ್ಲಿ ಇರಲಿಲ್ಲ. ಅಂದರೆ ಮಗು ಅವ್ವನ ಮಡಿಲಲ್ಲಿ, ಹೆಸರು ಅಜ್ಜಿಯ ಬಾಯಲ್ಲಿ. ಅವ್ವ ಮಗುವನ್ನು ಕೊಡಲಿಲ್ಲ. ನಮ್ಮಪ್ಪನ ಹೆಸರು ಹೇಳ್ತೀನಿ ಅಂತ ಮಾತು ಕೊಡಲಿ, ಆಮೇಲೆ ಎತ್ತಲಿ ಎಂದಳು.

ಇನ್ನೊಂದು ದಾರಿಯೂ ಇತ್ತು. ಅವಸರ ಬಿದ್ದರೆ ಯಾರು ಬೇಕಾದರೂ ಮಗುವಿನ ತಲೆಗೆ ನೀರು ಹನಿಸಿ ದೀಕ್ಷೆ ಕೊಡಬಹುದು. ಇದು ಇಬ್ಬರಿಗೂ ಗೊತ್ತಿತ್ತು. ಆದ್ದರಿಂದ ಅಜ್ಜಿ ತಡಿಕೆ ದಾಟಿ ಬಂದರೆ ಅವ್ವ ಮೊದಲು ಅವಳ ಕೈ ನೋಡುತ್ತಿದ್ದಳು. ಒಂದು ದಿನ ಅಜ್ಜಿ ನಿಜವಾಗಿಯೂ ಅವ್ವನಿಗೆ ಕುಡಿಯಲು ಮೆಣಸಿನ ಕಷಾಯ ತಂದಿದ್ದಳು.

“ಲೋಟ ಆಚೆ ಇಟ್ಟು ಬರೋಕೇಳು.”

“ಕಷಾಯ ಅಂತ ಹೇಳು ಅವಳಿಗೆ. ಕಷಾಯದಲ್ಲಿ ಯಾರಾದ್ರೂ ದೀಕ್ಷೆ ಕೊಡ್ತಾರಾ?”

“ಅವ್ರು ಕೊಡ್ತಾರೆ.”

ಬಾಣಂತಿ ಕೋಣೆಯ ಬಿಸಿ, ಬೆಳ್ಳುಳ್ಳಿ, ಸೊಳ್ಳೆಪರದೆ, ಅದರೊಳಗೆ ಹೆಸರಿಲ್ಲದ ಮಗು. ಅದನ್ನು ಕರೆಯುವುದು ಹೇಗೆ ಎಂದು ನನಗೆ ತಿಳಿಯದೆ ಏಯ್ ಎನ್ನುತ್ತಿದ್ದೆ. ಅದು ಸಣ್ಣ ಮಗು, ಹಾಲು ಸರಿಯಾಗಿ ಎಳೆಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಅದರ ಮೂಗು ಕಟ್ಟಿತು, ಉಸಿರು ಎಳೆದರೆ ತಡಿಕೆಯ ಆಚೆಗೂ ಕೇಳುವಷ್ಟು ಸದ್ದು. ತಮ್ಮ ಜಾನ್‌ಗೂ ಮೊದಲು ಹೀಗೆಯೇ ಸದ್ದು ಬಂದಿತ್ತು. ಅವ್ವ ಮಗುವನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು, ಮುಖ ಬಿಳಿಚಿಕೊಂಡಿತ್ತು, ಆದರೂ ಪಟ್ಟು ಬಿಡಲಿಲ್ಲ. ಅವಳು ಸೋಲುತ್ತಾಳೆ ಎಂದು ನಾನು ಕಾದೆ. ಸೋತದ್ದು ಅಜ್ಜಿ. ಪೀಠದ ಮುಂದೆ ಬಹಳ ಹೊತ್ತು ಮೊಣಕಾಲೂರಿದವಳು ಎದ್ದು ನನ್ನನ್ನು ಕರೆದಳು.

“ಹೇಳು ನಿನ್ನ ಅವ್ವನಿಗೆ, ಅವಳ ಅಪ್ಪನ ಹೆಸರೇ ಆಗ್ಲಿ. ಒಂದು ಹುಡುಗ ಹೋದದ್ದು ಸಾಕು. ಇವನು ದೀಕ್ಷೆ ಇಲ್ಲದೆ ಹೋಗುವುದು ಬೇಡ.”

“ಶಿಲುಬೆ ಮುಟ್ಟಿ ಏಳ್ಳಿ.”

ಅಜ್ಜಿ ಶಿಲುಬೆ ಮುಟ್ಟಿದಳು. ಅವ್ವ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ನನ್ನ ಕೈ ಹಿಡಿದು, “ನೀನೂ ಓಗು. ಕಿವಿ ಕೊಟ್ಟು ಕೇಳು. ಏನು ಹೆಸ್ರು ಹೇಳುದ್ರೋ ಅದ್ನೇ ಬಂದು ಏಳ್ಬೇಕು,” ಎಂದಳು.

ಜ್ಞಾನತಂದೆ ಎಂದು ಬಂದವನು ಪಕ್ಕದ ಮನೆಯ ಅಂತೋಣಿಯಣ್ಣ, ರೈಲ್ವೆಯಲ್ಲಿ ಸಿಗ್ನಲ್ ಕೆಲಸದವನು, ತಮಿಳು ಮಾತಾಡುವವನು. ನಾವು ಹೋಗುತ್ತಿದ್ದದ್ದೂ ತಮಿಳು ಪೂಜೆಗೆ. ಪಾದ್ರಿ ಗಡ್ಡದ ಫ್ರೆಂಚ್ ಮುದುಕ, ಚುಟ್ಟದ ವಾಸನೆ, ತಮಿಳು ನಮಗಿಂತ ಚೆನ್ನಾಗಿ ಬರುತ್ತಿತ್ತು. ಮಗುವಿನ ನಾಲಿಗೆಗೆ ಉಪ್ಪು ಇಟ್ಟ. ಅದು ಮುಖ ಕಿವುಚಿತು. ಹೆಸರು ಏನು ಎಂದು ಕೇಳಿದ.

ನಾನು ಅಜ್ಜಿಯ ಬಾಯಿಯನ್ನೇ ನೋಡುತ್ತಿದ್ದೆ.

“ಅರುಳಪ್ಪ,” ಎಂದಳು.

ಪಾದ್ರಿ ತಲೆಯಾಡಿಸಿದ. ಮಗುವಿನ ತಲೆಗೆ ನೀರು ಹೊಯ್ಯುತ್ತ ಲ್ಯಾಟಿನಿನಲ್ಲಿ ಮಂತ್ರ ಶುರು ಮಾಡಿದ. ಶುರುವಾದದ್ದು ಜೊವಾನ್ನೆಸ್ ಎಂದು. ಅಜ್ಜಿಗೆ ಲ್ಯಾಟಿನ್ ಬಾರದು. ಆದರೆ ಹಬ್ಬಗಳಲ್ಲಿ ಸಂತರ ಹೆಸರುಗಳನ್ನು ಹಾಡುವಾಗ ಯಾವ ಹೆಸರು ತನ್ನ ಗಂಡನ ಸಂತನದು ಎಂದು ಅವಳಿಗೆ ಗೊತ್ತಿತ್ತು. ಅವಳ ತಲೆ ಥಟ್ಟನೆ ಮೇಲೆದ್ದಿತು. ಮಗುವಿಗಿಂತ ಅವಳೇ ಒದ್ದೆಯಾದವಳ ಹಾಗೆ ಕಂಡಳು.

ಹೊರಗೆ ಬಂದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದಳು. “ಕೇಳಿದಿಯಾ? ನಾನು ಹೇಳಿದ್ದು ಅವಳ ಅಪ್ಪನ ಹೆಸರು. ದೇವರು ಇಟ್ಟದ್ದು ನನ್ನ ಗಂಡನ ಹೆಸರು. ಇದರಲ್ಲಿ ನನ್ನದೆಂತ ತಪ್ಪುಂಟು?”

ಅಂತೋಣಿಯಣ್ಣನಿಗೆ ಅದು ಕೇಳಿಸಿತು. ಅವನು ಬೀಡಿ ಹಚ್ಚಲು ನಿಂತವನು ನಗಲು ಶುರುಮಾಡಿದ.

“ಪಾಟಿ, ರೆಂಡುಂ ಒಣ್ಣುದಾನ್,” ಎಂದ. ಅಜ್ಜಿ, ಎರಡೂ ಒಂದೇ, ಎಂದು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದ. ಲ್ಯಾಟಿನಿನಲ್ಲಿ ಜೊವಾನ್ನೆಸ್ ಅನ್ನುವವನನ್ನೇ ತಮಿಳು ಪುಸ್ತಕದಲ್ಲಿ ಅರುಳಪ್ಪರ್ ಅನ್ನುತ್ತಾರೆ, ಇಂಗ್ಲಿಷಿನವರು ಜಾನ್ ಅನ್ನುತ್ತಾರೆ, ಸಂತ ಒಬ್ಬನೇ. ಪಾದ್ರಿಯೇ ಉಪದೇಶದಲ್ಲಿ ಎಷ್ಟೋ ಸಲ ಹೇಳಿದ್ದಾರೆ, ನೀವು ಜಪಸರ ತಿರುಗಿಸುತ್ತ ಕೂತಿರುತ್ತೀರಿ, ಎಂದ. ಎದುರು ಮನೆಯ ಮಲಾಯ್ ಪೊಲೀಸನ ಮಗ ಯಾಹ್ಯಾ ಕೂಡ ಅದೇ ಹೆಸರಿನವನು ಎಂದು ಈಗ ಶರನ್‌ನ ಫೋನು ಹೇಳುತ್ತದೆ. ಆಗ ನಮಗೆ ಅದೂ ಗೊತ್ತಿರಲಿಲ್ಲ. ಅವ್ವನ ಹಳ್ಳಿಯಲ್ಲಿ ಇಂಗ್ಲಿಷ್ ಹೆಸರಿನವರು ಇರಲಿಲ್ಲ. ಅಜ್ಜಿಯ ಊರಿನಲ್ಲಿ ಅರುಳಪ್ಪಂದಿರು ಇರಲಿಲ್ಲ. ಜುವಾಂವ್, ಜಾನ್, ಅರುಳಪ್ಪ ಮೂರೂ ಒಂದೇ ಸೂರಿನ ಕೆಳಗೆ ಬಂದದ್ದು ನಮ್ಮ ಮನೆಯಲ್ಲಿ, ಅಲ್ಲಿ ಓದಿದವರು ಯಾರೂ ಇರಲಿಲ್ಲ.

ಅಜ್ಜಿ ನಗಲಿಲ್ಲ. ಮನೆಯ ಬಾಗಿಲಲ್ಲಿ ಮಗುವನ್ನು ನನ್ನ ಕೈಗೆ ಕೊಟ್ಟಳು.

“ನೀನೇ ಹೇಳು. ನಾನು ಹೇಳಿದ್ರೆ ನಾಟಕ ಅಂತಾಳೆ.”

ನಾನು ಒಳಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅಜ್ಜಿ ಅರುಳಪ್ಪ ಎಂದಳು. ಪಾದ್ರಿ ಜೊವಾನ್ನೆಸ್ ಎಂದ. ಅಂತೋಣಿಯಣ್ಣ ಎರಡೂ ಒಂದೇ ಎಂದ, ಜಾನ್ ಕೂಡ ಅದೇ ಎಂದ.

“ನಿಮ್ಮಜ್ಜಿ ಏಳ್ಕೊಟ್ಟಿದ್ದಾ ಇದು?”

“ಅಲ್ಲ. ಅಜ್ಜಿಗೂ ಗೊತ್ತಿರ್ಲಿಲ್ಲ.”

ಅವ್ವ ನಂಬಲಿಲ್ಲ. ಕಿಟಕಿಯಿಂದ ಅಂತೋಣಿಯಣ್ಣನನ್ನು ಕೂಗಿ ಕರೆಸಿದಳು. ಅವನು ಕಿಟಕಿಯ ಹೊರಗೆ ನಿಂತು ಎಲ್ಲವನ್ನೂ ಇನ್ನೊಂದು ಸಲ ಹೇಳಿ, ತಾಯಿಯಾಣೆ ಎಂದು ಹೋದ. ಅವ್ವ ಮಗುವನ್ನು ಎತ್ತಿಕೊಂಡು ಪರದೆಯೊಳಗೆ ಕೂತಳು.

“ಅಂಗಾರೆ ದೊಡ್ಡೋನೂ ನಮ್ಮಪ್ಪನ ಹೆಸರಿನೋನೇಯಾ,” ಎಂದಳು.

ನಾನು ಹೌದು ಎಂದೆ. ಅವಳು ನನ್ನನ್ನು ಕೇಳಿರಲಿಲ್ಲ.

“ಆರ್ ವರ್ಸ ನಮ್ಮಪ್ಪನ್ನೇ ಕೂಗ್ತಿದ್ದೆ. ಗೊತ್ತಾಗ್ನಿಲ್ಲ ನಂಗೆ.”

ಅತ್ತಳೋ ಇಲ್ಲವೋ ನನಗೆ ಕಾಣಲಿಲ್ಲ, ಪರದೆ ಇಳಿಬಿದ್ದಿತ್ತು. ತಡಿಕೆಯ ಆಚೆ ಅಜ್ಜಿಯ ಮಂಚ ಕಿರುಗುಟ್ಟಿತು. ಅವಳು ಕೇಳುತ್ತಿದ್ದಳು ಎಂದು ನನಗೂ ಅವ್ವನಿಗೂ ಗೊತ್ತಿತ್ತು. ನಿನ್ನಜ್ಜಿಗೆ ಹೇಳು ಎಂಬ ಮಾತಿಗೆ ನಾನು ಕಾದು ನಿಂತೆ. ಅದು ಬರಲಿಲ್ಲ.

“ಅತ್ತೆಮ್ಮ, ಒಳೀಕ್ ಬನ್ನಿ.”

ಅಜ್ಜಿ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಏನೂ ಇಲ್ಲ ಎಂದು ತೋರಿಸುವ ಹಾಗೆ ಎರಡೂ ಕೈ ಮುಂದೆ ಇಟ್ಟುಕೊಂಡಿದ್ದಳು.

“ನಿಮ್ ಯಜಮಾನ್ರು ಹೆಂಗಿದ್ರು? ನಾನು ಕೇಳೇ ಇಲ್ಲ.”

“ಅವರಾ? ದೊಡ್ಡ ಸೋಮಾರಿ ಮಾರಾಯ್ತಿ. ಕೆಲಸಕ್ಕೆ ಕರೆದ್ರೆ ಸೊಂಟ ನೋವು. ಊಟಕ್ಕೆ ಕರೆದ್ರೆ ಎಂತ ನೋವೂ ಇಲ್ಲ. ನಿನ್ನ ಅಪ್ಪ?”

“ನಮ್ಮಪ್ಪನೂ ಅಂಗೇಯ. ಉಳೋಕೆ ಓಗು ಅಂದ್ರೆ ಜಗಲಿ ಮೇಲೆ ಮಲಗಿ ಮೋಡ ನೋಡ್ತಿದ್ದ. ನಮ್ಮವ್ವನೇ ಎಲ್ಲಾ ಮಾಡಿದ್ದು.”

ಅವ್ವ ಕಾಲು ಮಡಚಿ ಮಂಚದ ಮೇಲೆ ಜಾಗ ಬಿಟ್ಟಳು. ಅಜ್ಜಿ ಪರದೆ ಎತ್ತಿ ಒಳಗೆ ಕೂತಳು. ಇಬ್ಬರೂ ಮಗುವನ್ನು ನೋಡಿದರು. ಅದು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿತ್ತು.

“ಇವನಾದ್ರೂ ಕೆಲಸ ಮಾಡ್ಲಿ,” ಎಂದಳು ಅಜ್ಜಿ.